ಕಿಡ್ನಿ ಬಯಾಪ್ಸಿಗೆ ಮುಂಚಿನ ಭಯ: ವಿಡಿಯೋ ತೋರಿಸಬೇಕಾ, ಕೈಪತ್ರ ಕೊಡಬೇಕಾ, ಕೂತು ಮಾತಾಡಬೇಕಾ?

"ನನ್ನ ಕಿಡ್ನಿ ಪೂರ್ತಿ ತೆಗೀತೀರಾ, ಅರ್ಧ ತೆಗೀತೀರಾ?"

ಬಯಾಪ್ಸಿಯ ದಿನ ಬೆಳಿಗ್ಗೆ ಒಬ್ಬರು ನನ್ನನ್ನು ಹೀಗೆ ಕೇಳಿದರು. ಒಪ್ಪಿಗೆ ಪತ್ರಕ್ಕೆ ಆಗಲೇ ಸಹಿ ಹಾಕಿದ್ದರು. ಕೈಪತ್ರವನ್ನೂ ಓದಿದ್ದರು. ಅದರಲ್ಲಿ "ಮೂತ್ರಪಿಂಡದ ಅಂಗಾಂಶದ ತುಂಡನ್ನು ಹೊರತೆಗೆಯಲಾಗುವುದು" ಎಂದಿತ್ತು. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ "ತುಂಡು" ಎಂದ ಕೂಡಲೇ ಅವರ ಕಣ್ಣ ಮುಂದೆ ಬಂದದ್ದು ಕತ್ತಿ, ತಟ್ಟೆ, ತಟ್ಟೆ ತುಂಬಾ ಮಾಂಸ. ಪಾಪ, ರಾತ್ರಿಯೆಲ್ಲ ನಿದ್ದೆ ಇಲ್ಲ. ಬಯಾಪ್ಸಿಯಲ್ಲಿ ಪರೀಕ್ಷೆಗೆಂದು ಸೂಜಿಯಿಂದ ನಿಜವಾಗಿ ತೆಗೆಯುವುದು ಪೆನ್ಸಿಲ್ ಒಳಗಿನ ಕಡ್ಡಿಗಿಂತ ತೆಳುವಾದ ಒಂದು ಎಳೆ. ಉದ್ದ ಒಂದರಿಂದ ಎರಡು ಸೆಂಟಿಮೀಟರ್. ಅಂಥವು ಸಾಮಾನ್ಯವಾಗಿ ಎರಡು. ಒಂದು ಚಿತ್ರ ಇದ್ದಿದ್ದರೆ ಆ ರಾತ್ರಿ ಉಳಿಯುತ್ತಿತ್ತು.

ಕಿಡ್ನಿ ವಾರ್ಡಿನಲ್ಲಿ ರೋಗಿಗಳನ್ನು ಬಯಾಪ್ಸಿಗೆ ಸಿದ್ಧ ಮಾಡುವ ಕೆಲಸ ನನ್ನದು. ಕೈಪತ್ರ, ಅನಿಮೇಷನ್, ವಿಡಿಯೋ, ಆಡಿಯೋ, ಪ್ಲಾಸ್ಟಿಕ್ ಕಿಡ್ನಿ ಎಲ್ಲವನ್ನೂ ಹಿಡಿದು ನಿಂತಿದ್ದೇನೆ. "ಯಾವುದು ಒಳ್ಳೇದು?" ಎಂದು ಹೊಸಬರು ಕೇಳುತ್ತಾರೆ. "ರೋಗಿಗೆ ಯಾವ ಭಯ?" ಎಂದು ನಾನು ತಿರುಗಿ ಕೇಳುತ್ತೇನೆ. ಒಂದೊಂದು ಭಯಕ್ಕೆ ಒಂದೊಂದು ಸಾಧನ ಒಪ್ಪುತ್ತದೆ. ಒಂದು ಭಯಕ್ಕಂತೂ ಯಾವ ವಿಡಿಯೋನೂ ಸಾಲದು.

ಭಯ ಇಳಿಸುವುದು ಸುಮ್ನೆ ಸಮಾಧಾನಕ್ಕಲ್ಲ

ಬಯಾಪ್ಸಿಯಲ್ಲಿ ವೈದ್ಯರು ಮುಖ್ಯವಾಗಿ ಹೆದರುವುದು ರಕ್ತಸ್ರಾವಕ್ಕೆ. ಬಿಪಿ ಜಾಸ್ತಿ ಇದ್ದರೆ ಆ ಅಪಾಯವೂ ಜಾಸ್ತಿ. ಅದಕ್ಕೇ ಬಹಳ ಕಡೆ 140/90ಕ್ಕಿಂತ ಕೆಳಗೆ ಇರಲಿ ಎಂದು ನೋಡುತ್ತಾರೆ. ಹೆದರಿದ ಮನುಷ್ಯನ ಬಿಪಿ ಏರುತ್ತದೆ. ಏರಿದರೆ ಆ ದಿನ ಬಯಾಪ್ಸಿ ಮುಂದಕ್ಕೆ ಹೋಗಬಹುದು. ಮತ್ತೆ ಉಪವಾಸ, ಮತ್ತೆ ರಜೆ, ಮತ್ತೆ ಅದೇ ಭಯ, ಈ ಸಲ ಬಡ್ಡಿ ಸಮೇತ.

ಇನ್ನೊಂದು ಕಾರಣ ಉಸಿರು. ನಾವು ಉಸಿರೆಳೆದು ಬಿಟ್ಟಂತೆಲ್ಲ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದೆ. ಸೂಜಿ ಒಳಗಿರುವ ಆ ಕೆಲವು ಕ್ಷಣ ರೋಗಿ ಉಸಿರು ಹಿಡಿದು ಅಲುಗಾಡದೆ ಇರಬೇಕು. ಗಾಬರಿಯಲ್ಲಿರುವವರಿಗೆ "ಉಸಿರು ಹಿಡೀರಿ" ಅನ್ನುವುದು ಕೇಳಿಸುವುದೇ ಇಲ್ಲ. ಹಾಗಾಗಿ ಮೊದಲೇ ಹೇಳಿಕೊಡುವುದು ಬಯಾಪ್ಸಿಯ ಕೆಲಸದ ಒಂದು ಭಾಗವೇ.

ಕೈಪತ್ರ: ನೆನಪಿಗೆ ಒಳ್ಳೇದು, ಧೈರ್ಯಕ್ಕೆ ಅಷ್ಟಕ್ಕಷ್ಟೇ

ಕೈಪತ್ರವನ್ನು ನಾನು ತಳ್ಳಿಹಾಕುವುದಿಲ್ಲ. ಬಾಯಲ್ಲಿ ಹೇಳಿದ್ದು ಆಸ್ಪತ್ರೆಯ ಗೇಟು ದಾಟುವ ಹೊತ್ತಿಗೆ ಅರ್ಧ ಮರೆತು ಹೋಗಿರುತ್ತದೆ. ಕಾಗದ ಮನೆಗೆ ಬರುತ್ತದೆ. ಮನೆಯವರೂ ಓದುತ್ತಾರೆ. ಕೆಲವು ವಿಷಯ ಕಾಗದದಲ್ಲೇ ಇರಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತರಹದ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವ ತಾರೀಖಿನಿಂದ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎನ್ನುವುದು ಅದರಲ್ಲಿ ಮೊದಲನೆಯದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಅದೇ ದೊಡ್ಡ ಅಪಾಯ. ಇದನ್ನು ವೈದ್ಯರು ಒಬ್ಬೊಬ್ಬರಿಗೂ ಬೇರೆಯಾಗಿ ಬರೆದು ಕೊಡಬೇಕು. ವಿಡಿಯೋದಲ್ಲಿ "ಕೆಲವು ಮಾತ್ರೆಗಳನ್ನು ನಿಲ್ಲಿಸಬೇಕಾಗಬಹುದು" ಅಂದರೆ ಯಾರಿಗೂ ಪ್ರಯೋಜನವಿಲ್ಲ.

ಅಪಾಯದ ಅಂಕಿಗಳಿಗೂ ಕಾಗದವೇ ವಾಸಿ. ಮೂತ್ರ ಕಣ್ಣಿಗೆ ಕಾಣುವಷ್ಟು ಕೆಂಪಾಗುವುದು ನೂರರಲ್ಲಿ ಸುಮಾರು 3-4 ಜನಕ್ಕೆ. ರಕ್ತ ಕೊಡಬೇಕಾಗಿ ಬರುವುದು ನೂರರಲ್ಲಿ ಒಬ್ಬಿಬ್ಬರಿಗೆ. ಇದನ್ನು ನೂರು ಪುಟ್ಟ ಮನುಷ್ಯರ ಚಿತ್ರ ಬರೆದು, ಅಷ್ಟು ಜನಕ್ಕೆ ಮಾತ್ರ ಬಣ್ಣ ಹಾಕಿ ತೋರಿಸಿ. "ರಕ್ತಸ್ರಾವ ಆಗಬಹುದು" ಎಂಬ ಒಂದೇ ಸಾಲಿಗಿಂತ ಆ ಚಿತ್ರ ಎಷ್ಟೋ ಮೇಲು. ಬಣ್ಣ ಇಲ್ಲದ ತೊಂಬತ್ತಾರು ಜನವೂ ಕಾಣುತ್ತಾರೆ, ಅಲ್ವಾ?

ಕೈಪತ್ರ ಸೋಲುವುದು ಎಲ್ಲಿ? ಓದಲು ಬಾರದವರ ಹತ್ತಿರ. ಕನ್ನಡಕ ಮರೆತು ಬಂದವರ ಹತ್ತಿರ. ಆಮೇಲೆ, ಓದಲು ಚೆನ್ನಾಗಿಯೇ ಬಂದರೂ ಬರೆದವರ ಭಾಷೆಯ ಹತ್ತಿರ. "ವೃಕ್ಕ", "ಅಂಗಾಂಶ", "ಸ್ಥಳೀಯ ಅರಿವಳಿಕೆ" ಎಂದೆಲ್ಲ ಬರೆದರೆ ಶಾಲೆಯ ಪರೀಕ್ಷೆ ನೆನಪಾಗುತ್ತದೆ. ಕಿಡ್ನಿ ಅನ್ನಿ. ಚೂರು ಅನ್ನಿ. ಮರಗಟ್ಟಿಸುವ ಇಂಜೆಕ್ಷನ್ ಅನ್ನಿ.

ವಿಡಿಯೋ: ಅನಿಮೇಷನ್ನಾ, ನಿಜವಾದ ಶೂಟಿಂಗಾ?

ಚಿತ್ರ ಮತ್ತು ಮಾತು ಜೊತೆಯಲ್ಲಿ ಬಂದರೆ ಬರೀ ಮಾತಿಗಿಂತ ಚೆನ್ನಾಗಿ ತಲೆಗೆ ಹೋಗುತ್ತದೆ. ಕಲಿಕೆಯ ಬಗ್ಗೆ ಕೆಲಸ ಮಾಡಿದವರು ಇದನ್ನು ಬಹಳ ಸಲ ತೋರಿಸಿದ್ದಾರೆ. ಹಾಗೆಂದು ಎಲ್ಲ ವಿಡಿಯೋ ಭಯ ಇಳಿಸುವುದಿಲ್ಲ. ಚಿಕಿತ್ಸೆಗೆ ಮುಂಚೆ ವಿಡಿಯೋ ತೋರಿಸಿದ ಅಧ್ಯಯನಗಳಲ್ಲಿ ರೋಗಿಗಳ ತಿಳಿವಳಿಕೆ ಹೆಚ್ಚಿದ್ದು ಮತ್ತೆ ಮತ್ತೆ ಕಾಣುತ್ತದೆ. ಆತಂಕ ಇಳಿದದ್ದು ಕೆಲವದರಲ್ಲಿ ಮಾತ್ರ. ವಿಡಿಯೋ ಕೊಂಡು ತರುವ ಮುಂಚೆ ಈ ವ್ಯತ್ಯಾಸ ನೆನಪಿರಲಿ. ಗೊತ್ತಾಗುವುದು ಬೇರೆ, ಧೈರ್ಯ ಬರುವುದು ಬೇರೆ.

ನಮ್ಮಲ್ಲೇ ಆದ ಒಂದು ಎಡವಟ್ಟು ಹೇಳುತ್ತೇನೆ. ಆಗ ನಮ್ಮ ಹತ್ತಿರ ರೋಗಿಗಳಿಗೆಂದೇ ಮಾಡಿದ ವಿಡಿಯೋ ಇರಲಿಲ್ಲ. ಕಿರಿಯ ವೈದ್ಯರಿಗೆ ಕಲಿಸಲು ಮಾಡಿದ್ದು ಒಂದಿತ್ತು. "ಇದನ್ನೇ ತೋರಿಸೋಣ, ಏನಾಗುತ್ತೆ" ಎಂದುಕೊಂಡೆವು. ಹಿಂದಿನ ಸಂಜೆ ಒಬ್ಬ ಹುಡುಗನಿಗೆ ಹಾಕಿದೆವು. ಇಪ್ಪತ್ತು ದಾಟಿರಲಿಲ್ಲ ಅವನಿಗೆ. ಕ್ಯಾಮೆರಾ ಇಡೀ ಹೊತ್ತು ಸೂಜಿಯ ತುದಿಯ ಮೇಲೇ ಇತ್ತು. ಬೆನ್ನು ಕಾಣುತ್ತದೆ, ರೋಗಿಯ ಮುಖ ಒಂದೇ ಒಂದು ಸಲವೂ ಇಲ್ಲ. ಕೊನೆಗೆ "ಸಂಭವನೀಯ ತೊಡಕುಗಳು" ಎಂದು ಒಂದು ಪಟ್ಟಿ. ಹುಡುಗ ಒಂದು ಮಾತೂ ಆಡದೆ ಫೋನ್ ವಾಪಸ್ ಕೊಟ್ಟ. ಬೆಳಿಗ್ಗೆ ಅವನ ಬಿಪಿ 160 ದಾಟಿತ್ತು. ಆ ದಿನ ಬಯಾಪ್ಸಿ ಆಗಲಿಲ್ಲ. ತಪ್ಪು ಅವನದಲ್ಲ, ನಮ್ಮದು. ಆ ವಿಡಿಯೋ ವೈದ್ಯರು ನಿಲ್ಲುವ ಜಾಗದಿಂದ ತೆಗೆದದ್ದು. ರೋಗಿ ಮಲಗುವ ಜಾಗದಿಂದ ಅಲ್ಲ.

ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಕ್ಯಾಮೆರಾ ಎಲ್ಲಿದೆ ಅನ್ನುವುದು. ಬಯಾಪ್ಸಿಯಲ್ಲಿ ರೋಗಿ ಬೋರಲು ಮಲಗಿರುತ್ತಾರೆ, ಹೊಟ್ಟೆಯ ಕೆಳಗೆ ದಿಂಬು. 1951ರಲ್ಲಿ ಕೋಪನ್‌ಹೇಗನ್‌ನಲ್ಲಿ ಐವರ್ಸನ್ ಮತ್ತು ಬ್ರೂನ್ ಎಂಬ ವೈದ್ಯರು ಈ ಪರೀಕ್ಷೆಯ ಬಗ್ಗೆ ಬರೆದಾಗ ರೋಗಿಯನ್ನು ಕೂರಿಸಿ ಮಾಡುತ್ತಿದ್ದರು. ಬೋರಲು ಮಲಗಿಸುವ ಪದ್ಧತಿ ಬಂದದ್ದು 1954ರ ಸುಮಾರಿಗೆ, ಕಾರ್ಕ್ ಮತ್ತು ಮ್ಯೂರ್ಕೆ ಅವರ ಕೆಲಸದಿಂದ. ಬೋರಲು ಮಲಗಿದವರಿಗೆ ಸೂಜಿ ಕಾಣುವುದೇ ಇಲ್ಲ. ಕಾಣುವುದು ಹಾಸಿಗೆಯ ಅಂಚು, ನೆಲ, ಯಾರದೋ ಚಪ್ಪಲಿ. ಅವರಿಗೆ ಗೊತ್ತಾಗುವುದು ತಣ್ಣನೆಯ ಜೆಲ್, ಸ್ಕ್ಯಾನಿನ ಒತ್ತಡ, ಮರಗಟ್ಟಿಸುವ ಇಂಜೆಕ್ಷನ್ನಿನ ಉರಿ, ಆಮೇಲೆ ಒಂದು "ಟಕ್" ಸದ್ದು. ವಿಡಿಯೋ ತೋರಿಸಬೇಕಾದ್ದು ಇದನ್ನು. ಕಾಣದೇ ಇರುವ ಸೂಜಿಯನ್ನು ಪರದೆ ತುಂಬಾ ತೋರಿಸಿ ಏನು ಪ್ರಯೋಜನ?

ಈಗ ಅನಿಮೇಷನ್ ಮತ್ತು ಶೂಟಿಂಗ್ ನಡುವೆ ಆರಿಸಬೇಕು. ದೇಹದ ಒಳಗಿನದ್ದಕ್ಕೆ ಅನಿಮೇಷನ್ ಗೆಲ್ಲುತ್ತದೆ. ಕಿಡ್ನಿ ಎಲ್ಲಿದೆ, ಸೂಜಿ ಕೆಳತುದಿಗೇ ಯಾಕೆ ಹೋಗುತ್ತದೆ, ಒಂದೊಂದು ಕಿಡ್ನಿಯಲ್ಲೂ ಇರುವ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಲ್ಲಿ ತೆಗೆಯುವುದು ಹತ್ತಿಪ್ಪತ್ತನ್ನು ಮಾತ್ರ ಎನ್ನುವುದನ್ನೆಲ್ಲ ರಕ್ತ ಇಲ್ಲದೆ ತೋರಿಸಬಹುದು. "ಕಿಡ್ನಿ ತೆಗೀತಾರೆ" ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ.

ಆದರೆ ಅನಿಮೇಷನ್ ನೋಡಿದವರು ಬಯಾಪ್ಸಿ ಕೋಣೆಗೆ ಬಂದಾಗ "ಇಷ್ಟೊಂದು ಜನ ಯಾಕೆ ಇದ್ದಾರೆ?" ಎಂದು ಮತ್ತೆ ಹೆದರುತ್ತಾರೆ. ಬೊಂಬೆ ಚಿತ್ರದಲ್ಲಿ ಒಬ್ಬ ವೈದ್ಯ, ಒಬ್ಬ ರೋಗಿ ಅಷ್ಟೇ. ನಿಜದಲ್ಲಿ ವೈದ್ಯರು, ಅವರ ಜೊತೆಗಾರರು, ನರ್ಸ್, ತೆಗೆದ ಚೂರು ಸಾಕಾ ಎಂದು ನೋಡಲು ಕೆಲವು ಕಡೆ ಲ್ಯಾಬಿನವರು. ಕೋಣೆ, ಜನ, ಮಂಚ, ಯಂತ್ರ ಇದಕ್ಕೆಲ್ಲ ನಿಜವಾದ ಶೂಟಿಂಗೇ ಬೇಕು. ಅದೂ ನಿಮ್ಮದೇ ಕೋಣೆಯಲ್ಲಿ. ಬೇರೆ ಯಾವುದೋ ಆಸ್ಪತ್ರೆಯ ಹೊಳೆಯುವ ಕೋಣೆ ತೋರಿಸಿ, ರೋಗಿಯನ್ನು ಪೇಂಟು ಕಿತ್ತ ಕೋಣೆಗೆ ಕರೆದೊಯ್ದರೆ ವಿಡಿಯೋದ ಮೇಲಿನ ನಂಬಿಕೆ ಅಲ್ಲೇ ಮುಗಿಯಿತು.

ನನ್ನ ಆಯ್ಕೆ ಎರಡರ ಮಿಶ್ರಣ. ಒಳಗಿನದ್ದಕ್ಕೆ ಒಂದು ನಿಮಿಷದ ಅನಿಮೇಷನ್. ಉಳಿದ ನಾಲ್ಕೈದು ನಿಮಿಷ ಫೋನಿನಲ್ಲೇ ತೆಗೆದ ನಿಜವಾದ ಕೋಣೆ, ವಾರ್ಡಿನವರದೇ ಧ್ವನಿ. ಹದಿನೈದು ನಿಮಿಷದ ವಿಡಿಯೋ ಯಾರೂ ಪೂರ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರಹವೂ ಬರಲಿ. ವಾರ್ಡಿನ ಗಲಾಟೆಯಲ್ಲಿ ಧ್ವನಿ ಕೇಳಿಸುವುದಿಲ್ಲ. ಮಧ್ಯದಲ್ಲಿ ಒಂದು ಕಡೆ ವಿಡಿಯೋ ನಿಂತು, "ಈಗ ನೀವೂ ಉಸಿರು ಎಳೆದು ಹಿಡೀರಿ" ಎನ್ನಲಿ. ನೋಡುತ್ತಾ ಕೂತವರು ಆಗ ಏನನ್ನೋ ಮಾಡುತ್ತಾರೆ. ಮಾಡಿದ್ದು ನೆನಪಿರುತ್ತದೆ.

ಕಸಿ ಮಾಡಿದ ಕಿಡ್ನಿಯವರಿಗೆ ಬೇರೆಯದೇ ವಿಡಿಯೋ ಬೇಕು. ಅವರ ಹೊಸ ಕಿಡ್ನಿ ಹೊಟ್ಟೆಯ ಮುಂಭಾಗದಲ್ಲಿ, ಕೆಳಗಡೆ ಇರುತ್ತದೆ. ಅವರು ಅಂಗಾತ ಮಲಗುತ್ತಾರೆ. ಬೋರಲು ಮಲಗುವ ವಿಡಿಯೋ ತೋರಿಸಿದರೆ "ನನ್ನ ಹೊಟ್ಟೆ ಅದುಮಿ ಹೋಗುತ್ತಲ್ಲ" ಎಂಬ ಹೊಸ ಚಿಂತೆ ನಾವೇ ಕೊಟ್ಟಂತೆ.

ಆ "ಟಕ್" ಸದ್ದು

ಇದಕ್ಕೆ ಬೇರೆಯೇ ಜಾಗ ಕೊಡುತ್ತೇನೆ. ಸ್ಪ್ರಿಂಗ್ ಇರುವ ಸೂಜಿ ಚೂರು ತೆಗೆಯುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ. ಆಗ ದೊಡ್ಡ ಸ್ಟೇಪ್ಲರ್ ಒತ್ತಿದ ಹಾಗೆ ಸದ್ದು ಬರುತ್ತದೆ. ನೋವಿಗಿಂತ ಆ ಸದ್ದಿಗೇ ಜಾಸ್ತಿ ಜನ ಬೆಚ್ಚಿ ಬೀಳುತ್ತಾರೆ.

ನರ್ಸಿಂಗ್ ಸಂಶೋಧಕಿ ಜೀನ್ ಜಾನ್ಸನ್ ಮತ್ತು ಅವರ ಜೊತೆಗಾರರು 1975ರಲ್ಲಿ ಪ್ರಕಟಿಸಿದ ಒಂದು ಕೆಲಸ ನನಗೆ ಯಾವಾಗಲೂ ನೆನಪಾಗುತ್ತದೆ. ಕೈಕಾಲಿನ ಪ್ಲಾಸ್ಟರ್ ತೆಗೆಸಿಕೊಳ್ಳಲು ಬಂದ ಮಕ್ಕಳಿಗೆ, ಪ್ಲಾಸ್ಟರ್ ಕತ್ತರಿಸುವ ಗರಗಸದ ಸದ್ದನ್ನೂ ಮೈಗೆ ಹೇಗನಿಸುತ್ತದೆ ಎನ್ನುವುದನ್ನೂ ಟೇಪಿನಲ್ಲಿ ಮೊದಲೇ ಕೇಳಿಸಿದರು. ಆ ಮಕ್ಕಳು ಕಡಿಮೆ ಗಾಬರಿಯಾದರು. "ಏನು ಮಾಡುತ್ತೇವೆ" ಅನ್ನುವುದಕ್ಕಿಂತ "ನಿಮಗೆ ಹೇಗನಿಸುತ್ತದೆ" ಅನ್ನುವುದು ಜಾಸ್ತಿ ಕೆಲಸ ಮಾಡುತ್ತದೆ ಎಂದು ನಾನು ಕಲಿತದ್ದು ಅಲ್ಲಿಂದಲೇ.

ಈಗ ನಾನು ಉಪಯೋಗಿಸಿ ಬಿಸಾಡಬೇಕಾದ ಸೂಜಿಯನ್ನಲ್ಲ, ತರಬೇತಿಗೆಂದು ಇಟ್ಟ ಸೂಜಿಯಿಲ್ಲದ ಹಿಡಿಯನ್ನು ರೋಗಿಯ ಬೆನ್ನ ಹಿಂದೆ ಹಿಡಿದು ಒತ್ತುತ್ತೇನೆ. ಮೊದಲ ಸಲ ಭುಜ ಹಾರುತ್ತದೆ. ಎರಡನೇ ಸಲ ರೆಪ್ಪೆ ಮಾತ್ರ ಬಡಿಯುತ್ತದೆ. ಮೂರನೇ ಸಲ ಕೆಲವರು ನಗುತ್ತಾರೆ. ಇದಕ್ಕೆ ಒಂದು ನಿಮಿಷ ಸಾಕು. ಹಿಡಿ ಇಲ್ಲದಿದ್ದರೆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೂ ಆಯಿತು. ಒಂದೇ ಒಂದು ಸಾಧನ ಇಟ್ಟುಕೊಳ್ಳಿ ಎಂದರೆ ನಾನು ವಿಡಿಯೋ ಬಿಟ್ಟು ಇದನ್ನೇ ಇಟ್ಟುಕೊಳ್ಳುತ್ತೇನೆ.

ಕೂತು ಮಾತಾಡುವುದು

ಎಲ್ಲರೂ ಇದೇ ಒಳ್ಳೇದು ಅನ್ನುತ್ತಾರೆ, ಸಮಯ ಯಾರ ಹತ್ತಿರವೂ ಇಲ್ಲ. ಅದೂ ಅಲ್ಲದೆ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಬೆಳಗಿನವರು "ನಾಲ್ಕು ಗಂಟೆ ಮಲಗಿರಬೇಕು" ಎಂದಿರುತ್ತಾರೆ, ಸಂಜೆಯವರು "ನಾಳೆ ತನಕ". ರೋಗಿಗೆ ಅನುಮಾನ ಶುರುವಾಗುತ್ತದೆ. ವಿಡಿಯೋ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ಅದರ ದೊಡ್ಡ ಗುಣ ಇದೇ.

ಮಾತು ಗೆಲ್ಲುವುದು ತಿರುಗಿ ಕೇಳುವುದರಲ್ಲಿ. "ನಾಳೆ ಏನಾಗುತ್ತೆ, ನಿಮ್ಮ ಮಾತಲ್ಲಿ ನನಗೆ ಹೇಳಿ" ಎಂದು ಕೇಳಿ ನೋಡಿ. "ಅರ್ಥ ಆಯ್ತಾ?" ಎಂದು ಮಾತ್ರ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. ಕಿಡ್ನಿ ಪೂರ್ತಿ ತೆಗೀತೀರಾ ಎಂದು ಕೇಳಿದವರೂ ಹಿಂದಿನ ದಿನ ತಲೆ ಆಡಿಸಿದ್ದರು.

ಹಾಗಾಗಿ ಇವೆರಡರಲ್ಲಿ ಒಂದನ್ನು ಆರಿಸುವ ಜಗಳವೇ ಬೇಡ. ವಿಡಿಯೋ ಮೊದಲು, ಮಾತು ಆಮೇಲೆ. ಎಲ್ಲರಿಗೂ ಒಂದೇ ಆಗಿರುವ ವಿಷಯ ವಿಡಿಯೋ ಹೇಳಲಿ. ಉಳಿದ ಹತ್ತು ನಿಮಿಷ ಆ ಒಬ್ಬರ ಪ್ರಶ್ನೆಗೆ ಇರಲಿ. ವಿಡಿಯೋ ತೋರಿಸಿದ್ದೇವೆ ಎಂದು ಒಪ್ಪಿಗೆ ಪತ್ರವನ್ನು ಸುಮ್ನೆ ಮುಂದಿಡುವುದು ಮಾತ್ರ ತಪ್ಪು.

ವಿಆರ್, ಆ್ಯಪ್, ಸಂಗೀತ

ವಿಆರ್ ಕನ್ನಡಕ, ಅಂದರೆ ಹಾಕಿಕೊಂಡರೆ ಸುತ್ತಲೂ ದೃಶ್ಯ ಕಾಣಿಸುವ ಸಾಧನ, ನೋಡಲು ಚೆಂದ. ಕೋಣೆಯೊಳಗೆ ನಿಂತ ಹಾಗೇ ಅನಿಸುತ್ತದೆ. ಆದರೆ ಕೆಲವರಿಗೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಕಿಡ್ನಿ ತೊಂದರೆ ಇರುವವರಲ್ಲಿ ಬಹಳ ಜನಕ್ಕೆ ವಾಕರಿಕೆ ಮೊದಲೇ ಇರುತ್ತದೆ. ಒಬ್ಬರಿಂದ ಒಬ್ಬರಿಗೆ ಒರೆಸಿ ಕೊಡುವ ಕೆಲಸ ಬೇರೆ. ದುಡ್ಡಿದ್ದರೆ ತನ್ನಿ, ಇಲ್ಲದಿದ್ದರೆ ಕೊರಗಬೇಡಿ. ಆ್ಯಪ್ ನೆನಪಿಸುವುದಕ್ಕೆ ಒಳ್ಳೇದು: ಮಾತ್ರೆ ನಿಲ್ಲಿಸುವ ದಿನ, ಉಪವಾಸದ ಹೊತ್ತು. ಅದಕ್ಕೆ ಮಾಮೂಲಿ ಮೆಸೇಜೂ ಸಾಕು. ಸಂಗೀತ ಶಿಕ್ಷಣ ಅಲ್ಲ. ಮಲಗಿ ಕಾಯುವಾಗ ಕೇಳಲಿ, ಸೂಜಿ ಹಾಕುವಾಗ ಕಿವಿ ಖಾಲಿ ಇರಲಿ. "ಉಸಿರು ಹಿಡೀರಿ" ಕೇಳಿಸಬೇಕಲ್ಲ.

ಮೊದಲೇ ಮಾಡಿಸಿಕೊಂಡವರ ಎರಡು ನಿಮಿಷದ ಮಾತು ರೆಕಾರ್ಡ್ ಮಾಡಿಟ್ಟರೆ ಅದು ಬಹಳ ಕೆಲಸಕ್ಕೆ ಬರುತ್ತದೆ. ಆದರೆ "ಏನೂ ಗೊತ್ತೇ ಆಗಲಿಲ್ಲ" ಎನ್ನುವವರನ್ನು ಆರಿಸಬೇಡಿ. "ಇಂಜೆಕ್ಷನ್ ಉರಿಯಿತು, ಆಮೇಲೆ ಯಾರೋ ಗುದ್ದಿದ ಹಾಗಾಯಿತು, ಎರಡು ದಿನ ಸೊಂಟ ನೋಯಿತು, ಹೋಯಿತು" ಎನ್ನುವವರು ಬೇಕು.

ಎಲ್ಲರಿಗೂ ಎಲ್ಲವೂ ಬೇಡ

ಕೆಲವರಿಗೆ ಪ್ರತಿಯೊಂದೂ ಗೊತ್ತಾಗಬೇಕು. ಕೆಲವರು "ನೀವು ಮಾಡಿ, ನನಗೆ ಹೇಳಬೇಡಿ" ಅನ್ನುತ್ತಾರೆ. ಮನಶ್ಶಾಸ್ತ್ರಜ್ಞೆ ಸುಝಾನ್ ಮಿಲ್ಲರ್ 1980ರ ದಶಕದಲ್ಲೇ ಈ ಎರಡು ಬಗೆಯವರನ್ನು ಗುರುತಿಸಿ ಬರೆದರು. ಎರಡನೇ ಗುಂಪಿನವರಿಗೆ ಬಲವಂತವಾಗಿ ವಿಡಿಯೋ ತೋರಿಸಿದರೆ ಆತಂಕ ಏರಲೂಬಹುದು. ಅವರಿಗೆ ತಿಳಿಯಲೇಬೇಕಾದ್ದನ್ನು ಬಾಯಲ್ಲಿ ಹೇಳಿ. ಸದ್ದು, ಉಸಿರು, ಮಲಗಿರಬೇಕಾದ ಹೊತ್ತು, ಇಷ್ಟನ್ನು ಅಭ್ಯಾಸ ಮಾಡಿಸಿ ಬಿಟ್ಟುಬಿಡಿ.

ಯಾರು ಯಾವ ಗುಂಪು ಎಂದು ತಿಳಿಯಲು 1996ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾಡಿದ ಆರು ಪ್ರಶ್ನೆಗಳ ಚಿಕ್ಕ ಪಟ್ಟಿ ಇದೆ, ಎಪಿಎಐಎಸ್ ಎಂದು ಕರೆಯುತ್ತಾರೆ. ನಾಲ್ಕು ಪ್ರಶ್ನೆ ಭಯದ ಬಗ್ಗೆ, ಎರಡು "ಎಷ್ಟು ತಿಳಿಯಬೇಕು" ಎನ್ನುವುದರ ಬಗ್ಗೆ. ಅರಿವಳಿಕೆ ಕೊಟ್ಟು ಮಾಡುವ ಆಪರೇಷನ್‌ಗಳಿಗೆಂದು ಮಾಡಿದ್ದು, ಮಾತು ಸ್ವಲ್ಪ ಬದಲಾಯಿಸಿಕೊಳ್ಳಬೇಕು. ಸಂಶೋಧನೆ ಮಾಡುವವರು ಆತಂಕ ಅಳೆಯುವ ಇನ್ನೊಂದು ಪ್ರಶ್ನೆಗಳ ಪಟ್ಟಿಯಾದ ಎಸ್‌ಟಿಎಐ ಬಳಸುತ್ತಾರೆ. ಅದರಲ್ಲಿ ಆ ಕ್ಷಣದ ಆತಂಕಕ್ಕೆ ಇಪ್ಪತ್ತು, ಸ್ವಭಾವಕ್ಕೆ ಇಪ್ಪತ್ತು ಪ್ರಶ್ನೆ. ವಾರ್ಡಿನ ಗಡಿಬಿಡಿಯಲ್ಲಿ ನಲವತ್ತು ಪ್ರಶ್ನೆ ಕೇಳಿದರೆ ಇಲ್ಲದ ಆತಂಕವೂ ಬರುತ್ತದೆ.

ಯಾವಾಗ ತೋರಿಸಬೇಕು? ಕೈಪತ್ರ ಒಂದು ವಾರ ಮುಂಚೆ, ಮಾತ್ರೆಯ ವಿಷಯ ಇರುವುದರಿಂದ. ವಿಡಿಯೋ ಒಂದೆರಡು ದಿನ ಮುಂಚೆ, ಹಗಲಲ್ಲಿ, ಮನೆಯವರ ಜೊತೆ. ಮಲಗುವ ಹೊತ್ತಿಗೆ ಬೇಡ. ಕೋಣೆಯ ಬಾಗಿಲಲ್ಲಿ ಅಂತೂ ಬೇಡವೇ ಬೇಡ. ಅಲ್ಲಿ ಉಸಿರಿನ ಅಭ್ಯಾಸ ಮತ್ತು ಒಂದು ಪರಿಚಿತ ಮುಖ ಸಾಕು. ಚಿಕ್ಕ ಮಕ್ಕಳ ಲೆಕ್ಕ ಬೇರೆ: ಅವರಿಗೆ ಸಾಮಾನ್ಯವಾಗಿ ಮಂಪರು ಬರಿಸಿಯೇ ಮಾಡುತ್ತಾರೆ, ಹೇಳುವುದನ್ನು ಗೊಂಬೆ ಇಟ್ಟುಕೊಂಡು ಆಟದ ಹಾಗೆ ಹೇಳಬೇಕು, ವಿಡಿಯೋ ಅಪ್ಪ ಅಮ್ಮನಿಗೆ.

ವಿಡಿಯೋಗೆ ಎಟುಕದ ಭಯ

"ಬಯಾಪ್ಸಿ ಅಂದರೆ ಕ್ಯಾನ್ಸರ್ ಅಲ್ವಾ?" ಹೆಚ್ಚಿನವರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಕಿಡ್ನಿಯಲ್ಲಿ ಈ ಪರೀಕ್ಷೆ ಮಾಡುವುದು ಬಹುಪಾಲು ಬೇರೆ ಕಾರಣಕ್ಕೆ: ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ) ಕಿಡ್ನಿಗೆ ತಗುಲಿದೆಯಾ ನೋಡಬೇಕು, ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸುತ್ತಿದೆಯಾ ತಿಳಿಯಬೇಕು. ಇಷ್ಟನ್ನು ವಿಡಿಯೋ ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡಬೇಕು. ಆಮೇಲೆ ಉಳಿಯುವುದು "ನನ್ನದರಲ್ಲಿ ಏನು ಬರುತ್ತೆ? ಡಯಾಲಿಸಿಸ್ ಬೇಕಾಗುತ್ತಾ?" ಎನ್ನುವುದು. ಇದಕ್ಕೆ ಯಾವ ಅನಿಮೇಷನ್ನೂ ಇಲ್ಲ.

ತೆಗೆದ ಚೂರನ್ನು ಮೂರು ಥರ ನೋಡುತ್ತಾರೆ. ಮಾಮೂಲಿ ಮೈಕ್ರೋಸ್ಕೋಪು, ಹೊಳೆಯುವ ಬಣ್ಣ ಹಚ್ಚಿ ನೋಡುವುದು, ಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಮೊದಲಿನ ಸುಳಿವು ಕೆಲವೇ ದಿನಗಳಲ್ಲಿ ಸಿಗಬಹುದು. ಪೂರ್ತಿ ವರದಿಗೆ ಅದಕ್ಕಿಂತ ಜಾಸ್ತಿ ಹಿಡಿಯಬಹುದು. ಬಯಾಪ್ಸಿ ಮುಗಿಸಿ ಅಂಗಾತ ಮಲಗಿದವರು ಗಂಟೆಗಟ್ಟಲೆ ಸೂರು ನೋಡುತ್ತಾ ಯೋಚಿಸುವುದು ಇದನ್ನೇ. ನಾವು ಬಿಪಿ ನೋಡುತ್ತೇವೆ, ನಾಡಿ ನೋಡುತ್ತೇವೆ, ಮೂತ್ರದ ಬಣ್ಣ ನೋಡುತ್ತೇವೆ. ಆ ಹೊತ್ತಿಗೆ ನಾನು ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಮೂರೇ ವಿಷಯ: ವರದಿ ಯಾವ ತಾರೀಖಿಗೆ, ಅದನ್ನು ಯಾರು ವಿವರಿಸುತ್ತಾರೆ, ಅಷ್ಟರೊಳಗೆ ಮೂತ್ರ ಕೆಂಪಾದರೆ ಅಥವಾ ಸೊಂಟದ ನೋವು ಜಾಸ್ತಿಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಕೆಲವರು ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಕಿಡ್ನಿ ಪೂರ್ತಿ ತೆಗೀತೀರಾ ಎಂದು ಕೇಳಿದವರು ಅಂಗಿಯ ಜೇಬಿಗೆ ಹಾಕಿಕೊಂಡು, ಮಲಗಿದ ಜಾಗದಿಂದಲೇ ಆ ನಂಬರಿಗೆ ಒಂದು ಸಲ ಫೋನ್ ಮಾಡಿ ನೋಡಿದರು. ನನ್ನ ಮೇಜಿನ ಫೋನ್ ಹೊಡೆದುಕೊಂಡಿತು.